ಮನೆಯಲ್ಲೇ ಊರುಗೋಲು ಮಾಡುವುದು: ಹಿಡಿ ಅಲ್ಲಾಡದಂತೆ, ಕೋಲು ಸೀಳದಂತೆ

"ಹಿಡಿ ಅಲ್ಲಾಡ್ತಿದೆ, ಏನು ಮಾಡಲಿ?" ಊರುಗೋಲು ಮಾಡಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೊಂದೇ. ಕೋಲು ಚೆನ್ನಾಗಿರುತ್ತದೆ, ಪಾಲಿಶ್ ಮಿರಮಿರ ಮಿಂಚುತ್ತಿರುತ್ತದೆ, ಒಂದು ತಿಂಗಳಾಗುವಷ್ಟರಲ್ಲಿ ಹಿಡಿ ಸಡಿಲ. ನಾನೂ ಹಾಗೇ ಕೆಟ್ಟವನು. ಮಾವನವರಿಗೆ ಮಾಡಿಕೊಟ್ಟ ಮೊದಲ ಕೋಲಿನ ಹಿಡಿ ಮೂರನೇ ವಾರಕ್ಕೆ, ಅವರು ಜಗಲಿಯಿಂದ ಇಳಿಯುತ್ತಿರುವಾಗಲೇ, ಕೈಯಲ್ಲಿ ಕಾಲು ಸುತ್ತು ತಿರುಗಿಬಿಟ್ಟಿತು. ಪುಣ್ಯಕ್ಕೆ ಪಕ್ಕದಲ್ಲಿ ಕಂಬ ಇತ್ತು, ಹಿಡಿದುಕೊಂಡರು. "ಅಳಿಯಂದ್ರೇ, ನಿಮ್ಮ ಕೋಲಿಗೇ ಇನ್ನೊಂದು ಕೋಲು ಬೇಕಲ್ಲ" ಅಂದರು.

ತಪ್ಪು ಅಂಟಿನಲ್ಲಿ ಇರಲಿಲ್ಲ. ಕೆಲಸದ ಕ್ರಮದಲ್ಲಿತ್ತು. ಕೋಲನ್ನು ಪೂರ್ತಿ ದುಂಡಗೆ ಮಾಡಿ, ಪಾಲಿಶ್ ಕೂಡ ಹೊಡೆದು, ಆಮೇಲೆ ಹಿಡಿ ಕೂಡಿಸುವ ತೂತು ಕೊರೆಯಲು ಹೋಗಿದ್ದೆ. ತೂತು ಓರೆ ಆಯಿತು, ಹಿಡಿ ಒಂದು ಕಡೆ ಎದ್ದು ಕೂತಿತು, ಆ ಸಂದಿಗೆ ಅಂಟು ತುಂಬಿ ಮುಚ್ಚಿಬಿಟ್ಟೆ. ಅಷ್ಟೇ ಸಾಕಾಯಿತು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳಗೆ ಕತ್ತಿ ಅಡಗಿಸಿದ ಕೋಲು, ಅಂದರೆ ಗುಪ್ತಿ, ಮಾಡುವ ಆಸೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದ 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿಯ ಜೊತೆಗೇ ಗುಪ್ತಿಯ ಹೆಸರೂ ಇದೆ. ಕಾನೂನು ಪಕ್ಕಕ್ಕಿಡಿ, ಕೋಲನ್ನು ಕೊಳವೆಯಂತೆ ಕೊರೆದು, ಹಿಡಿಯನ್ನು ಎಳೆದರೆ ಬರುವ ಹಾಗೆ ಇಟ್ಟರೆ ಅದು ಊರಿಕೊಳ್ಳುವ ಕೋಲಾಗಿ ಉಳಿಯುವುದೇ ಇಲ್ಲ. ಇಲ್ಲಿ ಹೇಳುತ್ತಿರುವುದು ಮನುಷ್ಯನ ಭಾರ ಹೊರುವ ಕೋಲಿನ ವಿಷಯ.

## ಮೊದಲು ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಗರಗಸ, ಕೀಸುಳಿ, ಒಂದು ಉಳಿ, ಮರಕ್ಕೆ ಬಳಸುವ ಒರಟು ಅರ, ಮೂಲೆಮಟ್ಟ, ಡ್ರಿಲ್ ಮೆಷಿನ್, ವೈಸ್, ಎರಡು ಸಿ-ಕ್ಲ್ಯಾಂಪ್. ಡ್ರಿಲ್ ಬಿಟ್ 3, 6 ಮತ್ತು 9 ಮಿ.ಮೀ. ಇಷ್ಟಿದ್ದರೆ ಸಾಕು. ಲೇತ್ ಬೇಕಾಗಿಲ್ಲ.

ಹಾರ್ಡ್‌ವೇರ್ ಅಂಗಡಿಯಿಂದ 8 ಮಿ.ಮೀ. ಥ್ರೆಡ್ ರಾಡ್, ಅಂದರೆ ಉದ್ದಕ್ಕೂ ಸ್ಕ್ರೂವಿನಂತೆ ಗೆರೆ ಇರುವ ಸರಳು ತನ್ನಿ, ಒಂದು ಗೇಣು ಬೇಕಾಗುವುದಿಲ್ಲ. ಕೋಲಿಗೂ ಹಿಡಿಗೂ ತೂತು ಕೊರೆದು ಎರಡನ್ನೂ ಕೂಡಿಸುವುದು ಇದರಿಂದಲೇ. ಎರಡು ಟ್ಯೂಬಿನಲ್ಲಿ ಬರುವ, ಕಲಸಿ ಹಚ್ಚುವ ಎಪಾಕ್ಸಿ ಅಂಟು, ನಿಧಾನಕ್ಕೆ ಗಟ್ಟಿಯಾಗುವ ಜಾತಿಯದು. ಸ್ಯಾಂಡ್‌ಪೇಪರ್ 80ರಿಂದ 320ರವರೆಗೆ. ಏಸಿ ರಿಪೇರಿ ಮಾಡುವವರ ಹತ್ತಿರ ಮುಕ್ಕಾಲಿಗಿಂತ ಸ್ವಲ್ಪ ದಪ್ಪದ, ಅಂದರೆ 7/8 ಇಂಚಿನ ತಾಮ್ರದ ಪೈಪಿನ ತುಂಡು ಸಿಗುತ್ತದೆ. ಅದು ಅಣಸಿಗೆ. ಒನಕೆಯ ತುದಿಗೆ ಹಾಕುತ್ತಾರಲ್ಲ ಲೋಹದ ಬಳೆ, ಅದೇ ಅಣಸು. ಕೋಲಿನಲ್ಲೂ ಅದರ ಕೆಲಸ ಅದೇ: ಮರ ಸೀಳದಂತೆ ಬಿಗಿ ಹಿಡಿಯುವುದು.

ಕೋಲಿನ ಕೆಳತುದಿಗೆ ಹಾಕುವ ರಬ್ಬರ್ ಬುಷ್ ಅನ್ನೂ ಈಗಲೇ ಕೊಂಡುಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕೋಲು ಮಾಡಿ ಮುಗಿಸಿ ಬುಷ್ ಹುಡುಕಲು ಹೋದರೆ ನಿಮ್ಮ ಅಳತೆಯದು ಸಿಗುವುದಿಲ್ಲ, ಆಗ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬುಷ್ ತುರುಕುವ ಕೆಲಸ ಶುರುವಾಗುತ್ತದೆ. ಅದು ಒಂದು ದಿನ ಕಳಚಿಕೊಳ್ಳುತ್ತದೆ.

## ಹಂತ 1: ಕೋಲಲ್ಲ, ಮನುಷ್ಯರನ್ನು ಅಳೆಯಿರಿ

ಕೋಲು ಯಾರಿಗೋ ಅವರು ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿ ನೆಟ್ಟಗೆ ನಿಲ್ಲಲಿ. ಕೈ ಸಡಿಲವಾಗಿ ಇಳಿಬಿಡಲಿ. ಮಣಿಕಟ್ಟಿನ ಗೆರೆಯಿಂದ ನೆಲದವರೆಗಿನ ಅಳತೆಯೇ ಹಿಡಿಯ ಮೇಲ್ಮೈಯ ಎತ್ತರ. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, 15ರಿಂದ 20 ಡಿಗ್ರಿ. ಐದೂವರೆ ಅಡಿ ಆಸುಪಾಸಿನವರಿಗೆ ಸಾಮಾನ್ಯವಾಗಿ 33 ಇಂಚಿನ ಹತ್ತಿರ ಬರುತ್ತದೆ. ಆದರೆ ಬೆನ್ನು ಬಾಗಿದವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರನ್ನೇ ಅಳೆಯಬೇಕು.

ಅಳತೆ ಬರೆದಿಟ್ಟುಕೊಳ್ಳಿ. ಆದರೆ ಈಗ ಕೋಲು ಕತ್ತರಿಸಬೇಡಿ. ಅದಕ್ಕಿಂತ ಮೂರು ನಾಲ್ಕು ಇಂಚು ಜಾಸ್ತಿಯೇ ಇರಲಿ. ಉದ್ದ ಕತ್ತರಿಸುವುದು ಕಟ್ಟಕಡೆಯ ಕೆಲಸ.

ಯಾವ ಕೈಗೆ ಕೋಲು ಅನ್ನುವುದನ್ನೂ ಕೇಳಿ. ಬಲಗಾಲು ನೋವಾದರೆ ಕೋಲು ಹಿಡಿಯುವುದು ಎಡಗೈಯಲ್ಲಿ. ಇದು ಗೊತ್ತಿಲ್ಲದೆ ಬಲಗಾಲಿಗೆ ಅಂತ ಬಲ ಅಂಗೈಗೆ ಹೊಂದುವ ಹಿಡಿ ಕೆತ್ತಿ ಕೂತವರಿದ್ದಾರೆ. ಎರಡೂ ಕಾಲು ಸೋತಿದ್ದರೆ, ನಿಂತಲ್ಲೇ ತೂಕಡಿಸಿದಂತೆ ವಾಲುತ್ತಿದ್ದರೆ, ಒಂಟಿ ಕೋಲು ಸಾಲದು. ಫಿಸಿಯೋಥೆರಪಿಯವರನ್ನು ಕೇಳಿ, ವಾಕರ್ ಬೇಕಾಗಬಹುದು.

## ಹಂತ 2: ಮರ ಆರಿಸುವುದು

ಕೋಲಿಗೆ ಸೀಬೆ, ಹುಣಸೆ, ತಡಸಲು, ಕಾಫಿ, ಜಾಲಿ, ಇವು ನಂಬಬಹುದಾದವು. ಕೊಡಲಿ, ಪಿಕಾಸಿಗಳಿಗೆ ಕಾವು ಹಾಕುವ ಮರ ಯಾವುದು ಅಂತ ನಿಮ್ಮ ಊರಿನಲ್ಲಿ ಕೇಳಿ, ಅದೇ ಊರುಗೋಲಿಗೂ ಆಗುತ್ತದೆ. ಪೆಟ್ಟು ತಿಂದು ತಡೆದುಕೊಳ್ಳುವ ಗುಣವೇ ಎರಡಕ್ಕೂ ಬೇಕಾದ್ದು. ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ನೆಂಟರಿದ್ದರೆ ತೋಟದಲ್ಲಿ ಹಳೆ ಕಾಫಿ ಗಿಡ ಕಿತ್ತು ಹೊಸದು ಹಾಕುವಾಗ ಒಂದೆರಡು ನೆಟ್ಟನೆ ಕಾಂಡ ಎತ್ತಿಡಲು ಹೇಳಿ. ನೋಡಲು ಸಣ್ಣದು, ಎತ್ತಿದರೆ ಗಟ್ಟಿ ಮರ.

ಬಿದಿರಾದರೆ ಒಳಗೆ ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು, ಕನಿಷ್ಠ ಮೂರು ವರ್ಷ ಬಲಿತದ್ದು. ಎಳೆಯದಕ್ಕೆ ಕುಟ್ಟೆ ಹುಳ ಹಿಡಿಯುವುದು ಗ್ಯಾರಂಟಿ. ಬೆಳದಿಂಗಳ ದಿನಗಳಲ್ಲಿ ಬಿದಿರು ಕಡಿಯಬಾರದು ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ಅದು ಹೇಗೋ ಏನೋ, ನಾನಂತೂ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ನೆನೆಹಾಕುವುದನ್ನೇ ನಂಬುತ್ತೇನೆ. ಗೊಂಬೆ ಮಾಡುವ ಆಲೆ ಮರ ಚನ್ನಪಟ್ಟಣದಲ್ಲಿ ಚಂದ, ಕೋಲಿಗೆ ಬೇಡ, ಮೆತ್ತಗಾಯಿತು.

ಕಾಡಿಗೆ ಹೋಗಿ ಕಡಿಯಬೇಡಿ, ಅದು ಅಪರಾಧ. ಬೀಟೆ ಬೇಕೆಂದರೆ ಪೀಠೋಪಕರಣ ಮಾಡುವವರ ಹತ್ತಿರ ತುಂಡುಗಳಿರುತ್ತವೆ, ಹಿಡಿಗೆ ಅಷ್ಟು ಸಾಕು.

ಮರದ ಜಾತಿಗಿಂತ ದೊಡ್ಡದು ಅದರ ಎಳೆಯ, ಅಂದರೆ ನಾರಿನ ಗೆರೆಯ, ದಾರಿ. ಕಟ್ಟಿಗೆಯ ಪಕ್ಕದಲ್ಲಿ ಎಳೆಗಳು ಮೇಲಿನಿಂದ ಕೆಳಗಿನವರೆಗೆ ಹರಿಯಬೇಕು. ಅರ್ಧದಲ್ಲೇ ಓರೆಯಾಗಿ ಹೊರಗೆ ಹೋಗಿಬಿಟ್ಟಿದ್ದರೆ ಕೋಲು ಅದೇ ಗೆರೆಯಲ್ಲಿ ಮುರಿಯುತ್ತದೆ. ಅಂಥದ್ದನ್ನು ತೇಗವೇ ಆಗಿರಲಿ, ಬಿಟ್ಟುಬಿಡಿ.

## ಹಂತ 3: ಒಣಗಿಸುವುದು

ಹಸಿ ಮರಕ್ಕೆ ಹಿಡಿ ಕೂರಿಸಿದರೆ ಆಮೇಲೆ ಮರ ಕುಗ್ಗುತ್ತದೆ, ರಾಡ್ ಕುಗ್ಗುವುದಿಲ್ಲ. ಒಂದೋ ಸೀಳುತ್ತದೆ, ಇಲ್ಲ ಸಡಿಲವಾಗುತ್ತದೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಬಡಗಿಗಳ ಲೆಕ್ಕ. ಕಾಯಲಾಗದಿದ್ದರೆ ಒಣಗಿದ ಮರವನ್ನೇ ಕೊಳ್ಳಿ.

ಹಸಿ ಕೊಂಬೆ ಕಡಿದ ದಿನವೇ ಎರಡೂ ತುದಿಗೆ ಮೇಣ ಅಥವಾ ಪೇಂಟ್ ಬಳಿಯಿರಿ. ನೀರು ಜಾಸ್ತಿ ಓಡಿಹೋಗುವುದು ತುದಿಯಿಂದ, ಬಿರುಕು ಹುಟ್ಟುವುದೂ ಅಲ್ಲೇ. ಬಿಸಿಲಿಗೆ ಇಡಬೇಡಿ. ಗಾಳಿ ಆಡುವ ನೆರಳಿನಲ್ಲಿ ತೂಗುಹಾಕಿ. ಅಟ್ಟ ಇದ್ದವರು ಅದೃಷ್ಟವಂತರು.

ಒಣಗಿದೆಯೋ ಇಲ್ಲವೋ ತಿಳಿಯಲು ಮುಟ್ಟಿ ನೋಡಿದರೆ ಸಾಲದು. ಅಡುಗೆಮನೆಯ ತಕ್ಕಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ತೂಗಿ ಕೋಲಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ಸೀಬೆ ಕೋಲಿನ ಮೇಲೆ ಬರೆದದ್ದು 910, 842, 801, 779... ಹೀಗೆ ಇಳಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಮೂರು ಸಲ ಒಂದೇ ತೂಕ ಬಂದರೆ ಒಣಗಿದೆ ಅಂತ ಅರ್ಥ. ಮಳೆಗಾಲದಲ್ಲಿ ತೂಕ ಮತ್ತೆ ಏರಿದರೆ ಗಾಬರಿ ಬೇಡ, ಮರ ತೇವ ಕುಡಿದಿರುತ್ತದೆ. ಆದರೆ ಆ ದಿನಗಳಲ್ಲಿ ಅಂಟಿಸುವ ಕೆಲಸ ಇಟ್ಟುಕೊಳ್ಳಬೇಡಿ.

ಉದ್ದಕ್ಕೆ ಕೂದಲೆಳೆಯಂಥ ಬಿರುಕು ಇದ್ದರೆ ಪರವಾಗಿಲ್ಲ. ಕೋಲನ್ನು ಸುತ್ತಿಕೊಂಡು ಹೋಗುವ ಬಿರುಕು, ಅಡ್ಡ ಬಿರುಕು ಇದ್ದರೆ ಒಲೆಗೆ.

## ಹಂತ 4: ಡೊಂಕು ತೆಗೆಯುವುದು

ಹಲಗೆಯಿಂದ ಸೀಳಿದ ಕಟ್ಟಿಗೆಯಾದರೆ ಈ ಹಂತ ಬೇಡ. ಕೊಂಬೆಯಾದರೆ ಹಬೆ ಕೊಡಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ. ಜಿಐ ಪೈಪಿನೊಳಗೆ ಕೋಲು ಇಟ್ಟು ಕೆಳಗಿನಿಂದ ಹಬೆ ಬಿಡಿ, ಮೇಲ್ತುದಿಗೆ ಬಟ್ಟೆ ಸಡಿಲವಾಗಿ ತುರುಕಿ. ಗಟ್ಟಿಯಾಗಿ ಮುಚ್ಚಿದರೆ ಹಬೆ ಸೇರಿ ಸಿಡಿಯುತ್ತದೆ, ಇದನ್ನು ತಮಾಷೆ ಅಂದುಕೊಳ್ಳಬೇಡಿ. ಪಿವಿಸಿ ಪೈಪ್ ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ.

ಹೊರತೆಗೆದ ತಕ್ಷಣ ಡೊಂಕಿನ ಎದುರು ದಿಕ್ಕಿಗೆ, ನೆಟ್ಟಗಾಗುವುದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಿ, ನೇರವಾದ ಹಲಗೆಗೆ ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಡಿ. ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಪೂರ್ತಿ ನೆಟ್ಟಗಾಗದಿದ್ದರೂ ನಡೆಯುತ್ತದೆ, ಮೇಲ್ತುದಿಯ ನಡುಬಿಂದು ಕೆಳತುದಿಯ ನೇರಕ್ಕೆ ಬಂದರೆ ಸಾಕು. ಹಬೆ ಕೊಟ್ಟ ಮರಕ್ಕೆ ಮತ್ತೆ ಒಂದೆರಡು ವಾರ ಒಣಗಲು ಬಿಡಬೇಕು ಅನ್ನುವುದನ್ನು ಮರೆಯುವವರೇ ಜಾಸ್ತಿ.

## ಹಂತ 5: ತೂತು ಮೊದಲು, ಆಕಾರ ಆಮೇಲೆ

ಈ ಹಂತವನ್ನು ಎರಡು ಸಲ ಓದಿ.

ಕೋಲು ಇನ್ನೂ ದಪ್ಪಗಿರುವಾಗಲೇ, ಚೌಕ ಕಟ್ಟಿಗೆಯಾದರೆ ಚೌಕವಾಗಿರುವಾಗಲೇ, ಮೇಲ್ತುದಿಯಲ್ಲಿ ತೂತು ಕೊರೆಯಿರಿ. ಯಾಕೆ ಅಂದರೆ, ತೂತು ಎರಡು ಮಿ.ಮೀ. ಪಕ್ಕಕ್ಕೆ ಹೋದರೂ ಆಮೇಲೆ ಆ ತೂತನ್ನೇ ನಡುವೆ ಅಂತ ಇಟ್ಟುಕೊಂಡು ಸುತ್ತ ಮರ ಕೆತ್ತಬಹುದು. ದುಂಡಗೆ ಮಾಡಿದ ಮೇಲೆ ಕೊರೆದರೆ ಆ ಅವಕಾಶ ಇಲ್ಲ. 24 ಮಿ.ಮೀ. ಕೋಲಿಗೆ 9 ಮಿ.ಮೀ. ತೂತು ಅಂದರೆ ಸುತ್ತ ಏಳೂವರೆ ಮಿ.ಮೀ. ಗೋಡೆ ಉಳಿಯುತ್ತದೆ. ಮೂರು ಮಿ.ಮೀ. ತಪ್ಪಿದರೆ ಒಂದು ಕಡೆ ನಾಲ್ಕೂವರೆ ಮಾತ್ರ. ಸೀಳುವುದು ಆ ಕಡೆಯೇ.

ಚೌಕದ ಎರಡು ಕರ್ಣ ಎಳೆದರೆ ನಡುಬಿಂದು ಸಿಗುತ್ತದೆ. ಮೊಳೆಯಿಂದ ಸಣ್ಣ ಗುಳಿ ಮಾಡಿ. ಮೊದಲು 3, ಆಮೇಲೆ 6, ಕೊನೆಗೆ 9 ಮಿ.ಮೀ. ಬಿಟ್. ಆಳ 70 ಮಿ.ಮೀ. ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಕೋಲನ್ನು ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಮನೆಯವರಲ್ಲಿ ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. ನಿಮಗೆ ಮುಂದೆ-ಹಿಂದೆ ವಾಲುವುದು ಕಾಣುವುದಿಲ್ಲ, ಅವರಿಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಮಗಳದ್ದು. "ಅಪ್ಪಾ, ಬಾಗಿಲ ಕಡೆ ಬಾಗ್ತಿದೆ" ಅಂತ ಅವಳು ಹೇಳಿದ ಮೇಲೆ ನನ್ನ ತೂತುಗಳು ನೆಟ್ಟಗಾದವು.

ಒಂದೊಂದು ಸೆಂ.ಮೀ.ಗೂ ಬಿಟ್ ಹೊರಗೆಳೆದು ಪುಡಿ ತೆಗೆಯಿರಿ. ಒಳಗೆ ಪುಡಿ ತುಂಬಿದರೆ ಬಿಟ್ ಬಿಸಿಯಾಗಿ ದಾರಿ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಅದೇ ಎಚ್ಚರಿಕೆ.

ಹಿಡಿಯ ಮರಕ್ಕೂ ಇದೇ ಮಾತು. ಆಯತದ ತುಂಡು ಇರುವಾಗಲೇ ಕೆಳಗಿನಿಂದ 30 ಮಿ.ಮೀ. ಆಳಕ್ಕೆ ಕೊರೆಯಿರಿ. ಮೇಲಿನವರೆಗೆ ಆರ್‌ಪಾರ್ ಹೋಗಬಾರದು, ಆದ್ದರಿಂದ ತುಂಡು 45 ಮಿ.ಮೀ. ಎತ್ತರವಾದರೂ ಇರಲಿ. ತೂತಿನ ಜಾಗ ಸರಿಯಾಗಿ ನಡುವೆ ಅಲ್ಲ. ಹಿಡಿಯ ಉದ್ದದ ಮೂರರಲ್ಲೊಂದು ಭಾಗ ಮುಂದಕ್ಕೆ, ಉಳಿದದ್ದು ಹಿಂದಕ್ಕೆ, ಅಂಗೈ ಕೂರುವ ಕಡೆಗೆ.

ಹಿಡಿಯಲ್ಲಿ ಎಳೆ ಉದ್ದಕ್ಕೆ, ಅಂದರೆ ಅಡ್ಡಡ್ಡಲಾಗಿ ಮಲಗಿರಬೇಕು. ಕೋಲಿನ ಹಾಗೆ ಮೇಲಿನಿಂದ ಕೆಳಗೆ ನಿಂತಿದ್ದರೆ ಹಿಡಿಯ ಮೂತಿ ಒಂದು ದಿನ ಬಿಸ್ಕತ್ತಿನಂತೆ ಮುರಿದು ಕೈಗೆ ಬರುತ್ತದೆ.

## ಹಂತ 6: ಕೆತ್ತುವುದು

ಚೌಕದಿಂದ ನೇರ ದುಂಡಕ್ಕೆ ಹೋಗಬೇಡಿ, ಮೊಟ್ಟೆಯಾಕಾರ ಆಗುತ್ತದೆ. ಮೊದಲು ಎಂಟು ಮೂಲೆ. 25 ಮಿ.ಮೀ. ಚೌಕಕ್ಕೆ ಪ್ರತಿ ಅಂಚಿನಿಂದ 7 ಮಿ.ಮೀ.ಗಿಂತ ಒಂದು ಕೂದಲು ಹೆಚ್ಚು ಒಳಗೆ ಗೆರೆ ಎಳೆದು, ಗೆರೆಯವರೆಗೆ ಕೀಸಿ. ಆಮೇಲೆ ಹದಿನಾರು, ಆಮೇಲೆ ಅರ ಮತ್ತು ಸ್ಯಾಂಡ್‌ಪೇಪರ್. ಮೇಲೆ 24, ಕೆಳಗೆ ನಿಮ್ಮ ಬುಷ್‌ನ ಒಳ ಅಳತೆ, ಸಾಮಾನ್ಯವಾಗಿ 19 ಮಿ.ಮೀ. ಕೀಸುವಾಗ ಎಳೆ ಕಿತ್ತು ಬಂದರೆ ದಿಕ್ಕು ತಿರುಗಿಸಿ.

ಹಿಡಿಗೆ ರಟ್ಟಿನಲ್ಲಿ ನಮೂನೆ ಕತ್ತರಿಸಿಕೊಳ್ಳಿ. ಉದ್ದ 115ರಿಂದ 120 ಮಿ.ಮೀ., ಪಕ್ಕದಿಂದ ಪಕ್ಕಕ್ಕೆ ದಪ್ಪ 30ರಿಂದ 35. ಕೈ ಸೆಟೆದುಕೊಂಡ ಅಜ್ಜಿಯರಿಗೆ ಸ್ವಲ್ಪ ದಪ್ಪ ಹಿಡಿಯೇ ಹಿತ. ತೆಳ್ಳಗೆ ನಾಜೂಕಾಗಿ ಕೆತ್ತಿದ್ದು ಶೋಕೇಸಿಗೆ ಚೆನ್ನ, ಅಂಗೈಗೆ ಅಲ್ಲ. ತೂತಿನ ಸುತ್ತ ಮಾತ್ರ ಏನೂ ಕೆತ್ತಬೇಡಿ, ಆ ಮೇಲ್ಮೈ ಚಪ್ಪಟೆಯಾಗಿಯೇ ಇರಬೇಕು.

## ಹಂತ 7: ಅಣಸು ಮತ್ತು ಅಂಟಿಲ್ಲದ ಜೋಡಣೆ

ಕೋಲಿನ ಮೇಲ್ತುದಿಯ 20 ಮಿ.ಮೀ. ಭಾಗವನ್ನು ತಾಮ್ರದ ಪೈಪಿನ ಒಳ ಅಳತೆಗೆ ಇಳಿಸಿ. ಸ್ವಲ್ಪ ಬಿಗಿಯಾಗಿಯೇ ಇರಲಿ, ಮರದ ಸುತ್ತಿಗೆಯಿಂದ ತಟ್ಟಿದರೆ ಹೋಗಬೇಕು. ಬಡಿದು ತುರುಕಬೇಕಾದರೆ ಇನ್ನೂ ಸವರಿ. ಅಣಸು ಕೂತ ಮೇಲೆ ಅದರ ಬಾಯಿ ಮತ್ತು ಮರದ ತುದಿಯನ್ನು ಸೇರಿಸಿ ಅರದಿಂದ ಸಮ ಮಾಡಿ.

ಈಗ ಅಂಟು ಇಲ್ಲದೆ ರಾಡ್ ಹಾಕಿ ಹಿಡಿ ಕೂರಿಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಿಡಿ ಮತ್ತು ಅಣಸಿನ ನಡುವೆ ಬೆಳಕು ಕಂಡರೆ ಇನ್ನೂ ಕೆಲಸ ಇದೆ. ಕಾರ್ಬನ್ ಪೇಪರ್ ಇಟ್ಟು ಒತ್ತಿ ತಿರುಗಿಸಿದರೆ ಎತ್ತರದ ಜಾಗಕ್ಕೆ ಮಸಿ ಹತ್ತುತ್ತದೆ, ಅಷ್ಟನ್ನೇ ಸವರಿ. ನನಗೆ ಐದಾರು ಸಲ ಆಗುತ್ತದೆ. ಭಾರವನ್ನು ಹೊರಬೇಕಾದದ್ದು ಈ ಸಮತಟ್ಟು ಮೇಲ್ಮೈ. ರಾಡ್ ಇರುವುದು ಹಿಡಿ ಜಾರದಿರಲಿ ಅಂತ. ನನ್ನ ಮೊದಲ ಕೋಲಿನಲ್ಲಿ ಪೂರ್ತಿ ಭಾರ ಅಂಟಿನ ಮೇಲೆ ಬಿದ್ದಿತ್ತು.

## ಹಂತ 8: ಅಂಟಿಸುವುದು

ಫೆವಿಕಾಲ್ ಮರಕ್ಕೆ ಮರ ಕೂಡಿಸಲು, ಇಲ್ಲಿ ಲೋಹ ಇದೆ. ಎಪಾಕ್ಸಿಯೇ ಬೇಕು. ಐದು ನಿಮಿಷಕ್ಕೆ ಗಟ್ಟಿಯಾಗುವುದು ಬೇಡ, ಹಿಡಿ ತಿರುಗಿಸಿ ಸರಿ ಮಾಡಲೂ ಸಮಯ ಸಿಗುವುದಿಲ್ಲ.

1. ರಾಡನ್ನು 98 ಮಿ.ಮೀ.ಗೆ ಕತ್ತರಿಸಿ. ಎರಡು ತೂತು ಸೇರಿ 100, ಎರಡು ಮಿ.ಮೀ. ಅಂಟಿಗೆ ಜಾಗ.
2. ರಾಡಿನ ಒಂದು ಪಕ್ಕವನ್ನು ಉದ್ದಕ್ಕೂ ಅರದಿಂದ ಸ್ವಲ್ಪ ಚಪ್ಪಟೆ ಮಾಡಿ. ಒಳಗಿನ ಗಾಳಿ, ಹೆಚ್ಚಾದ ಅಂಟು ಇದೇ ದಾರಿಯಲ್ಲಿ ಹೊರಬರುತ್ತದೆ. ದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಹೆಚ್ಚಿ ಮರವೇ ಸೀಳಬಹುದು.
3. ಥಿನ್ನರ್ ಹಾಕಿ ರಾಡಿನ ಎಣ್ಣೆ ಪೂರ್ತಿ ಒರೆಸಿ. ಅಂಗಡಿಯ ರಾಡಿಗೆ ಎಣ್ಣೆ ಇದ್ದೇ ಇರುತ್ತದೆ.
4. ಅಣಸಿನ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ.
5. ಅಂಟನ್ನು ರಾಡಿಗೆ ಮಾತ್ರವಲ್ಲ, ತೂತಿನ ಒಳಗೂ ಕಡ್ಡಿಯಿಂದ ಸವರಿ. ರಾಡನ್ನು ತಿರುಗಿಸುತ್ತಾ ಇಳಿಸಿ.

ಕೋಲಿನಲ್ಲಿ ಸ್ವಲ್ಪ ಬಾಗು ಉಳಿದಿದ್ದರೆ ಅದು ಹಿಡಿಯ ಉದ್ದದ ನೇರಕ್ಕೆ ಬರಲಿ. ಪಕ್ಕಕ್ಕೆ ಬಂದರೆ ಊರಿದಾಗ ಹಿಡಿ ಕೈಯಲ್ಲಿ ತಿರುಗಲು ನೋಡುತ್ತದೆ. 24 ಗಂಟೆ ಮುಟ್ಟಬೇಡಿ. ಮಲೆನಾಡಿನ ಚಳಿಯಲ್ಲಿ ಎರಡು ದಿನ ಬಿಡಿ. ಹೊರಗೆ ಉಳಿದ ಅಂಟು ಮುಟ್ಟಿ ಗಟ್ಟಿಯಾಗಿದೆ ಅಂತ ಕೋಲು ಎತ್ತಿಕೊಳ್ಳುವವರಿದ್ದಾರೆ, ಒಳಗಿನದು ಇನ್ನೂ ಹಸಿ.

## ಹಂತ 9: ಎಣ್ಣೆ

80, 120, 180, 240, 320, ಎಲ್ಲ ಎಳೆಯ ದಿಕ್ಕಿಗೇ. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮರದ ರೋಮ ಏಳುತ್ತದೆ, ಮತ್ತೆ ಉಜ್ಜಿ. ಈ ಕೆಲಸ ಬಿಟ್ಟರೆ ಮೊದಲ ಮಳೆಗೆ ಹಿಡಿ ಚುರುಚುರು ಅನ್ನುತ್ತದೆ.

ಹಿಡಿಗೆ ಗಾಜಿನಂಥ ಪಾಲಿಶ್ ಬೇಡ, ಬೆವರಿದ ಕೈಗೆ ಜಾರುತ್ತದೆ. ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಸಿಗುವ ಅಗಸೆ ಎಣ್ಣೆಯನ್ನು ತೆಳ್ಳಗೆ ಮೂರು ಸಲ ಹಚ್ಚಿ, ಒಂದೊಂದು ಸಲವೂ ಕಾಲು ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಒಣಗಿಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

## ಹಂತ 10: ಈಗ ಉದ್ದ ಕತ್ತರಿಸಿ

ಬುಷ್‌ನ ತಳದ ದಪ್ಪ ಎಷ್ಟು ಅಂತ ಒಳಗೆ ಕಡ್ಡಿ ಇಳಿಸಿ ನೋಡಿ, 10 ಮಿ.ಮೀ. ಹತ್ತಿರ ಇರುತ್ತದೆ. ಹಂತ 1ರ ಅಳತೆಯಿಂದ ಅಷ್ಟು ಕಳೆದು, ಇನ್ನೂ ಒಂದು ಸೆಂ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ. ಬುಷ್ ಹಾಕಿ ಅವರ ಕೈಗೆ ಕೊಟ್ಟು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ. ಭುಜ ಮೇಲಕ್ಕೆ ಎದ್ದರೆ ಕೋಲು ಉದ್ದ, ಆ ಕಡೆಗೆ ವಾಲಿದರೆ ಗಿಡ್ಡ. ಉದ್ದವಾದರೆ ಕತ್ತರಿಸಬಹುದು, ಗಿಡ್ಡವಾದರೆ ಏನೂ ಮಾಡಲಾಗದು. ಕತ್ತರಿಸಿದ ತುದಿಗೂ ಎಣ್ಣೆ ಕುಡಿಸಿ, ಆಮೇಲೆ ಬುಷ್. ಬುಷ್‌ಗೆ ಅಂಟು ಹಾಕಬೇಡಿ, ಸವೆದಾಗ ಬದಲಿಸಬೇಕಲ್ವಾ.

ಅವರ ಕೈಗೆ ಕೊಡುವ ಮೊದಲು ನಿಮ್ಮ ಭಾರ ಹಾಕಿ ನೋಡಿ. ಗೋಡೆ ಪಕ್ಕ ನಿಂತು ಎರಡೂ ಕೈಯಿಂದ ಹಿಡಿ ಒತ್ತಿ, ನಿಧಾನವಾಗಿ ಪೂರ್ತಿ ಭಾರ ಬಿಡಿ. ಆಮೇಲೆ ಕೋಲನ್ನು ವೈಸಿಗೆ ಹಾಕಿ ಹಿಡಿಯನ್ನು ಎಡಕ್ಕೆ ಬಲಕ್ಕೆ ತಿರುಚಿ. "ಟಿಕ್" ಅಂತ ಒಂದೇ ಒಂದು ಸದ್ದು ಬಂದರೂ ಕೊಡಬೇಡಿ, ಒಳಗಿನ ರಾಡ್ ಮುಗಿಯುವ ಜಾಗದ ಕೆಳಗೆ ಕತ್ತರಿಸಿ ಮತ್ತೆ ಕೊರೆಯಿರಿ. ಹಂತ 1ರಲ್ಲಿ ಮೂರು ನಾಲ್ಕು ಇಂಚು ಹೆಚ್ಚಿಡಲು ಹೇಳಿದ್ದು ಇದಕ್ಕೂ ಸೇರಿ. ಅದಕ್ಕೇ ಈ ಭಾರದ ಪರೀಕ್ಷೆಯನ್ನು ಉದ್ದ ಕತ್ತರಿಸುವ ಮೊದಲೇ ಮಾಡಿಬಿಟ್ಟರೆ ಇನ್ನೂ ಜಾಣತನ. ನಾನು ಈಗ ಹಾಗೇ ಮಾಡುವುದು.

## ಬಳಸುವಾಗ ಕಣ್ಣಿಡಬೇಕಾದದ್ದು

ಬುಷ್ ತಳದ ಗೀರುಗಳು ನುಣ್ಣಗಾದ ದಿನವೇ ಬದಲಿಸಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಸವೆದ ರಬ್ಬರ್, ಅದೂ ಒದ್ದೆ ನೆಲದಲ್ಲಿ, ಕೋಲೇ ಇಲ್ಲದಿರುವುದಕ್ಕಿಂತ ಅಪಾಯ. ಒಂದೇ ಪಕ್ಕ ಸವೆದಿದ್ದರೆ ಉದ್ದ ಅಥವಾ ಹಿಡಿಯುವ ರೀತಿ ಸರಿಯಿಲ್ಲ.

ಹಿಡಿ ಮತ್ತು ಅಣಸಿನ ನಡುವೆ ಕಪ್ಪು ಗೆರೆ ಮೂಡಿದರೆ ಅದು ಸಂದಿಯೊಳಗೆ ಕೂತ ಕೊಳೆ. ಮೊದಲು ಸಂದಿ ಇರಲಿಲ್ಲ, ಈಗ ಇದೆ ಅಂತ ಅರ್ಥ. ಮೇಲಿನಿಂದ ಫೆವಿಕ್ವಿಕ್ ಸುರಿಯಬೇಡಿ, ಬಿಚ್ಚಿ ಮಾಡಬೇಕು. ಕೋಲು ಒರಗಿಸಿಡುವ ಮೂಲೆಯಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹತ್ತಿದೆ. ಹೊರಗೆ ಸೂಜಿ ಮೊನೆಯಷ್ಟು ತೂತು, ಒಳಗೆ ಎಷ್ಟು ತಿಂದಿದೆಯೋ ಯಾರಿಗೆ ಗೊತ್ತು. ಅಂಥ ಕೋಲನ್ನು ಆವತ್ತೇ ಬದಲಿಸಿ.

ಮಾವನವರ ಈಗಿನ ಕೋಲು ಸೀಬೆಯದು, ಹಿಡಿ ಹುಣಸೆಯದು. ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಒರೆಸುತ್ತಾರೆ, ಹಾಗೇ ಹಿಡಿಯನ್ನು ಒಮ್ಮೆ ತಿರುಚಿ, ಕಿವಿ ಹತ್ತಿರ ತಂದು, ಸದ್ದು ಬರುತ್ತಾ ಅಂತ ಕೇಳುತ್ತಾರೆ, ನಾನು ಎದುರಿಗೆ ಕೂತಿದ್ದರಂತೂ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು.